ಕಬಡ್ಡಿ ಕಣದ ಕೂಗು ಏರುವುದು ಎಲ್ಲಿಂದ?

ಮಕ್ತಲ್: ಜಾತ್ರೆಯ ಕಬಡ್ಡಿ ಮುಗಿದ ಮರುದಿನ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಪಕ್ಕದೂರಿನ ಹಿರಿಯರೊಬ್ಬರು ಸಿಕ್ಕಿದ್ದರು. "ರಾತ್ರಿ ನಿಮ್ಮ ಕಡೆ ಏನ್ ಗದ್ದಲಪ್ಪಾ ಅದು? ನಮ್ಮ ಅಂಗಳದಾಗ ಮಲಗಿದ್ರೂ ಕೇಳಿಸ್ತಿತ್ತು. ಎಷ್ಟು ಸಾವಿರ ಮಂದಿ ಕೂಡಿದ್ರು?" ಎಂದು ಕೇಳಿದರು.

ಸಾವಿರದ ಮಾತೇ ಇರಲಿಲ್ಲ. ಹೆಚ್ಚೆಂದರೆ ನಾಲ್ಕೈದು ನೂರು ಜನ. ಅದೇ ತಿಂಗಳಲ್ಲಿ ನಾನು ಒಂದು ಕಾಲೇಜು ಮೈದಾನದಲ್ಲಿ ಅಂತರ ಕಾಲೇಜು ಪಂದ್ಯವನ್ನೂ ನೋಡಿದ್ದೆ. ಅಲ್ಲಿ ಇದರ ಮೂರು ಪಟ್ಟು ಹುಡುಗರಿದ್ದರು. ಆಟವೂ ಚೆನ್ನಾಗಿತ್ತು. ಆದರೆ ಗೇಟಿನ ಹೊರಗೆ ನಿಂತವರಿಗೆ ಒಳಗೆ ಪಂದ್ಯ ನಡೆಯುತ್ತಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಅಂಪೈರ್ ಸೀಟಿ ಬಿಟ್ಟರೆ ಬೇರೆ ಸದ್ದಿಲ್ಲ.

ಕಡಿಮೆ ಜನರ ಕಡೆ ಮೈ ನವಿರೇಳುವ ಗದ್ದಲ, ಹೆಚ್ಚು ಜನರ ಕಡೆ ತಣ್ಣಗಿನ ಪಂದ್ಯ. ಏಕೆ ಹೀಗೆ? "ನಮ್ಮ ಹುಡುಗರಿಗೆ ಹುರುಪಿಲ್ಲ" ಎಂದು ಬೈದು ಸುಮ್ಮನಾಗುವವರೇ ಹೆಚ್ಚು. ಆದರೆ ತಪ್ಪು ಹುಡುಗರದ್ದಲ್ಲ. ಕಣದ ಕೂಗು ಎಷ್ಟು ಏರುತ್ತದೆ ಎಂಬುದನ್ನು ತಲೆ ಎಣಿಕೆಗಿಂತ ಹೆಚ್ಚಾಗಿ ನಿರ್ಧರಿಸುವುದು ಜನ ಎಲ್ಲಿ ನಿಂತಿದ್ದಾರೆ, ಸದ್ದು ಎಲ್ಲಿಗೆ ಹೋಗುತ್ತದೆ, ಆಡುತ್ತಿರುವವರು ಯಾರ ಪೈಕಿ ಎಂಬ ಮೂರು ಸಂಗತಿ. ಇದನ್ನು ತಿಳಿದುಕೊಂಡರೆ ಸಾವಿರಾರು ರೂಪಾಯಿ ಕೊಟ್ಟು ಡಿಜೆ ಬಾಕ್ಸ್ ತರುವ ಅಗತ್ಯವೂ ಇಲ್ಲ, ಕಟ್ಟಿಗೆ ಕಟ್ಟಿ ಜನರನ್ನು ಎತ್ತರಕ್ಕೆ ಹತ್ತಿಸುವ ಅಪಾಯವೂ ಇಲ್ಲ.

ಹತ್ತು ಪಟ್ಟು ಜನ, ಎರಡು ಪಟ್ಟು ಸದ್ದು

ಸದ್ದನ್ನು ಅಳೆಯುವ ಮಾಪನಕ್ಕೆ ಡೆಸಿಬೆಲ್ ಎನ್ನುತ್ತಾರೆ. ಇಬ್ಬರು ಮಾತನಾಡುವಾಗ ಸುಮಾರು 60 ಡೆಸಿಬೆಲ್. ಈ ಲೆಕ್ಕ ನಮ್ಮ ಕಿರಾಣಿ ಅಂಗಡಿಯ ತಕ್ಕಡಿಯಂತಲ್ಲ. ಒಬ್ಬನ ಕೂಗು 80 ಡೆಸಿಬೆಲ್ ಇದ್ದರೆ ಇಬ್ಬರದು 160 ಆಗುವುದಿಲ್ಲ, 83 ಮಾತ್ರ ಆಗುತ್ತದೆ. ಹತ್ತು ಜನ ಕೂಗಿದರೆ 90. ಪ್ರತಿ 10 ಡೆಸಿಬೆಲ್ ಏರಿದಾಗ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟಾದಂತೆ ಅನಿಸುತ್ತದೆ.

ಅಂದರೆ 500 ಜನರ ಬದಲು 5,000 ಜನ ಬಂದು ಎಲ್ಲರೂ ಅಷ್ಟೇ ಜೋರಾಗಿ ಕೂಗಿದರೂ ಕಿವಿಗೆ ಅನಿಸುವ ಗದ್ದಲ ಎರಡು ಪಟ್ಟು ಮಾತ್ರ. ಜನ ಸೇರಿಸುವುದರಿಂದ ಸಿಗುವ ಲಾಭ ಇಷ್ಟೇ. ಆದರೆ ಜನರನ್ನು ಹತ್ತಿರ ತಂದರೆ ಸಿಗುವ ಲಾಭ ಇದಕ್ಕಿಂತ ಬಹಳ ದೊಡ್ಡದು.

ಹತ್ತಿರ ನಿಂತವನೇ ದೊರೆ

ಬಯಲಿನಲ್ಲಿ ಒಬ್ಬ ಕೂಗಿದರೆ ಸದ್ದು ಎಲ್ಲ ಕಡೆಗೂ ಹರಡುತ್ತ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಸದ್ದಿನ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಆಟಗಾರನಿಂದ 80 ಮೀಟರ್ ದೂರದಲ್ಲಿ ನಿಂತ 64 ಜನ ಒಟ್ಟಿಗೆ ಕೂಗಿದಾಗ ಅವನಿಗೆ ಎಷ್ಟು ಕೇಳಿಸುತ್ತದೋ, 10 ಮೀಟರ್ ದೂರದಲ್ಲಿ ನಿಂತ ಒಬ್ಬನೇ ಒಬ್ಬ ಕೂಗಿದರೂ ಅಷ್ಟೇ ಕೇಳಿಸುತ್ತದೆ.

ಕಬಡ್ಡಿಯ ಬಲ ಇರುವುದೇ ಇಲ್ಲಿ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಣ್ಣುಮಕ್ಕಳ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಸುಣ್ಣದ ಗೆರೆಯಿಂದ ನಾಲ್ಕು ಹೆಜ್ಜೆ ಆಚೆ ಹಗ್ಗ ಕಟ್ಟಿದರೆ ನೋಡುವವರು ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಇರುತ್ತಾರೆ. ಜಾತ್ರೆಯ ಕಣದಲ್ಲಿ ಆಗುವುದು ಇದೇ. ಕಾಲೇಜಿನಲ್ಲಿ ಏನಾಗುತ್ತದೆ? ಓಟದ ಟ್ರ್ಯಾಕಿನ ನಡುವೆ ಅಂಕಣ ಹಾಕುತ್ತಾರೆ. ಒಂದು ಬದಿಗೆ ಅತಿಥಿಗಳ ಶಾಮಿಯಾನ, ಇನ್ನೊಂದು ಬದಿ ಖಾಲಿ. ಹುಡುಗರು ದೂರದ ಕಟ್ಟೆಯ ಮೇಲೆ, ಬೇವಿನ ಮರದ ನೆರಳಿನಲ್ಲಿ. ಅವರು ಗಂಟಲು ಹರಿಯುವಂತೆ ಕೂಗಿದರೂ ಅಂಕಣ ಮುಟ್ಟುವ ಹೊತ್ತಿಗೆ ಅದು ಗೊಣಗಾಟ ಆಗಿರುತ್ತದೆ.

ದೊಡ್ಡ ಊರಿನಲ್ಲೂ ಇದೇ ಕಥೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ 2013ರಲ್ಲಿ ಹುಟ್ಟಿದಾಗ ಮೊದಲ ಐ-ಲೀಗ್ ಆಡಿದ್ದು ಅಶೋಕನಗರದ ಚಿಕ್ಕ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿ ಜನ ಗೆರೆಗೆ ಅಂಟಿಕೊಂಡಂತೆ ಕೂರುತ್ತಿದ್ದರು. ಆಮೇಲೆ ತಂಡ ದೊಡ್ಡದಾದ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಜನ ಅಷ್ಟು ಹಿಂದೆ ಸರಿಯಬೇಕು. ಆ ಕೊರತೆಯನ್ನು ತುಂಬಿದ್ದು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಗುಂಪು. ಇವರು ಮೈದಾನದ ತುಂಬ ಚದುರಿ ಕೂರುವುದಿಲ್ಲ. ಒಂದೇ ಕಡೆ ಗುಂಪಾಗಿ ನಿಂತು ಒಂದೇ ಹಾಡು, ಒಂದೇ ಚಪ್ಪಾಳೆ ಹಾಕುತ್ತಾರೆ.

ಲಕ್ಷ ಜನರ ಮೈದಾನವೂ ತಣ್ಣಗಿರಬಹುದು

ಗದ್ದಲದ ವಿಷಯವನ್ನು ಶಾಸ್ತ್ರದಂತೆ ಅಭ್ಯಾಸ ಮಾಡಿದವರು ಅಮೆರಿಕದವರು. ಅಲ್ಲಿ ಕಾಲೇಜು ತಂಡಗಳ ಫುಟ್‌ಬಾಲ್ ಎಂದರೆ ನಮ್ಮ ಊರ ಜಾತ್ರೆ ಇದ್ದಂತೆ. ಅದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ತಳ್ಳಿಕೊಂಡು ಓಡುವ ಆಟ. ಒಂದು ರೀತಿಯಲ್ಲಿ ಕಬಡ್ಡಿಗೇ ಹತ್ತಿರ.

ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಆದರೂ ಬಹಳ ವರ್ಷ ಅದಕ್ಕೆ 'ದೊಡ್ಡದು, ಆದರೆ ಸದ್ದಿಲ್ಲದ್ದು' ಎಂಬ ಹೆಸರಿತ್ತು. ಕಾರಣ, ಅದು ಅಗಲವಾದ ತಟ್ಟೆಯಂತೆ ಮೇಲಕ್ಕೆ ತೆರೆದುಕೊಂಡಿದೆ. ಕೂಗಿದ್ದೆಲ್ಲ ಆಕಾಶಕ್ಕೆ ಹೋಗುತ್ತಿತ್ತು. 2010ರಲ್ಲಿ ಎರಡು ಬದಿಗೆ ಎತ್ತರದ ಕಟ್ಟಡ ಎದ್ದ ಮೇಲೆ ಸದ್ದು ತಡೆದು ನಿಂತಿತು.

ಅದೇ ದೇಶದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಸ್ಕಿ ಕ್ರೀಡಾಂಗಣ ಇದಕ್ಕಿಂತ ಎಷ್ಟೋ ಚಿಕ್ಕದು, ಸುಮಾರು 70 ಸಾವಿರ ಜನರದ್ದು. ಆದರೆ ಎರಡೂ ಬದಿಯ ಆಸನಗಳ ಮೇಲೆ ದೊಡ್ಡ ಚಾವಣಿ ಇದೆ. ಮೇಲೆ ಹೋದ ಸದ್ದು ಬಡಿದು ಮೈದಾನಕ್ಕೇ ವಾಪಸ್ ಬರುತ್ತದೆ. 1992ರಲ್ಲಿ ನೆಬ್ರಾಸ್ಕ ತಂಡದ ಎದುರಿನ ಪಂದ್ಯದಲ್ಲಿ ಅಲ್ಲಿ 133.6 ಡೆಸಿಬೆಲ್ ದಾಖಲಾಯಿತು. ಕಿವಿಗೆ ನೋವು ಶುರುವಾಗುವ ಮಟ್ಟ ಅದು.

ನಮ್ಮ ಕಡೆಗೂ ಇದೇ ನಿಯಮ. ತಗಡಿನ ಶೆಡ್, ಸಿಮೆಂಟ್ ಗೋಡೆ, ಕಲ್ಲಿನ ಕಂಪೌಂಡ್ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಉತ್ತ ಹೊಲದ ಸಡಿಲ ಮಣ್ಣು, ಹುಲ್ಲು, ಶಾಮಿಯಾನದ ದಪ್ಪ ಬಟ್ಟೆ ಸದ್ದನ್ನು ನುಂಗುತ್ತವೆ. ಮನುಷ್ಯರ ಮೈ ಬಟ್ಟೆಯೂ ನುಂಗುತ್ತದೆ. ಊರ ನಡುವೆ ಮೂರು ಕಡೆ ಮನೆ ಗೋಡೆ ಇರುವ ಬಯಲಿನಲ್ಲಿ ಕಬಡ್ಡಿ ಇಟ್ಟರೆ ಗದ್ದಲ ತಾನೇ ತುಂಬಿಕೊಳ್ಳುತ್ತದೆ. ಅದೇ ಆಟವನ್ನು ಊರಾಚೆಯ ಬೀಳು ಹೊಲಕ್ಕೆ ಒಯ್ದರೆ ಅರ್ಧ ಕಳೆ ಹೋಗುತ್ತದೆ. ಹೈದರಾಬಾದಿನ ಗಚ್ಚಿಬೌಲಿ ಒಳಾಂಗಣದಲ್ಲಿ ತೆಲುಗು ಟೈಟನ್ಸ್ ಪಂದ್ಯ ನೋಡಿ ಬಂದ ನಮ್ಮ ಹುಡುಗರು "ಕಿವಿ ಗುಂಯ್ ಅಂತು" ಎನ್ನುವುದಕ್ಕೆ ತಂಡದ ಮೇಲಿನ ಪ್ರೀತಿ ಒಂದು ಕಾರಣ, ಮೇಲೆ ಮುಚ್ಚಿದ ಚಾವಣಿ ಇನ್ನೊಂದು.

ರಾತ್ರಿ ಸದ್ದು ಪಕ್ಕದೂರಿಗೆ ಹೋಗುವುದೇಕೆ?

ಚಹಾ ಅಂಗಡಿಯ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ, ತಂಪು ಗಾಳಿಯಲ್ಲಿ ನಿಧಾನ. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ನಿಧಾನವಾದರೆ ಬಂಡಿ ಆ ಕಡೆಗೇ ತಿರುಗುತ್ತದಲ್ಲವೇ? ಸದ್ದೂ ಹಾಗೆಯೇ ತಂಪಿನ ಕಡೆಗೆ ಬಾಗುತ್ತದೆ.

ಹಗಲಿನಲ್ಲಿ ನಮ್ಮ ಎರೆಭೂಮಿ ಕಾದು ನೆಲದ ಹತ್ತಿರದ ಗಾಳಿ ಬಿಸಿಯಾಗಿರುತ್ತದೆ, ಮೇಲಿನದು ತಂಪು. ಹಾಗಾಗಿ ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ಇದು ಉಲ್ಟಾ. ನೆಲ ಬೇಗ ತಣಿಯುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಮೇಲಕ್ಕೆ ಹೋಗಬೇಕಿದ್ದ ಸದ್ದು ಕೆಳಕ್ಕೆ ಬಾಗಿ ದೂರದ ಅಂಗಳಕ್ಕೆ ಇಳಿಯುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿರುವ ಊರಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಜೊತೆಗೆ ರಾತ್ರಿ ಟ್ರ್ಯಾಕ್ಟರ್, ಲಾರಿ, ಪಂಪ್‌ಸೆಟ್ಟುಗಳ ಸದ್ದೂ ಕಡಿಮೆ.

ಅಂಕಣದ ಪಕ್ಕದಲ್ಲೇ ಇರುವವರಿಗೆ ಇದರಿಂದ ಹೆಚ್ಚು ವ್ಯತ್ಯಾಸ ಆಗದು. ಆದರೆ ರಾತ್ರಿಯ ಆಟಕ್ಕೆ ಬೇರೆ ಅನುಕೂಲಗಳಿವೆ. ಕೂಲಿ, ಹೊಲದ ಕೆಲಸ ಮುಗಿಸಿ ಊಟ ಮಾಡಿ ಬಂದವರು ನಿರಾಳವಾಗಿರುತ್ತಾರೆ. ಫೋಕಸ್ ಲೈಟ್ ಅಂಕಣದ ಮೇಲೆ ಮಾತ್ರ ಬೀಳುವುದರಿಂದ ಎಲ್ಲರ ಕಣ್ಣು ಒಂದೇ ಕಡೆ ಇರುತ್ತದೆ. ಕಾಲೇಜು ಪಂದ್ಯ ನಡೆಯುವುದು ಕೆಲಸದ ದಿನ, ಬಿಸಿಲಿನಲ್ಲಿ. ಅರ್ಧ ಹುಡುಗರು ತರಗತಿಯಲ್ಲಿ. ಇನ್ನರ್ಧ ಹುಡುಗರಿಗೆ ಊರಿನ ಕಡೆಯ ಬಸ್ ತಪ್ಪುವ ಚಿಂತೆ. ಫೈನಲ್ ಶುರುವಾಗುವ ಹೊತ್ತಿಗೆ ಅವರು ಬಸ್ ನಿಲ್ದಾಣದಲ್ಲಿರುತ್ತಾರೆ. ಇಂಥ ಕಡೆ ಕೂಗು ಎಲ್ಲಿಂದ ಬರಬೇಕು?

'ನಮ್ಮವನು' ಎಂಬ ಮಾತು

ಜಾಗ, ಚಾವಣಿ, ಹೊತ್ತು ಎಲ್ಲ ಸರಿಯಿದ್ದರೂ ಜನರಿಗೆ ಕೂಗಲು ಕಾರಣ ಬೇಕು. ಆಡುವವನು ನಮ್ಮವನಾಗಿರಬೇಕು. ಗೆಲುವು ಯಾರದೆಂದು ಕೊನೆಯವರೆಗೂ ಗೊತ್ತಾಗಬಾರದು. 30 ಅಂಕದ ಅಂತರ ಬಿದ್ದ ಪಂದ್ಯದಲ್ಲಿ ದೊಡ್ಡ ತಂಡದ ಅಭಿಮಾನಿಯೂ ಮೊಬೈಲ್ ತೆಗೆಯುತ್ತಾನೆ.

ಕಬಡ್ಡಿಯ ನಿಯಮಗಳೇ ಕೂಗನ್ನು ಏರಿಳಿಸುವಂತಿವೆ. ಒಂದು ರೈಡಿಗೆ 30 ಸೆಕೆಂಡು. ಎರಡು ರೈಡ್ ಖಾಲಿ ಹೋದರೆ ಮೂರನೆಯದು 'ಡೂ ಆರ್ ಡೈ', ಅಂಕ ತರಲೇಬೇಕು, ಇಲ್ಲವೇ ಔಟ್. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಈ ನಿಯಮ ಟಿವಿ ಮೂಲಕ ಹಳ್ಳಿಹಳ್ಳಿಗೆ ತಲುಪಿತು. ಈಗ ಮೂರನೇ ರೈಡ್ ಬಂತೆಂದರೆ ಮೈಕಿನವನು ಹೇಳುವ ಮೊದಲೇ ಮಕ್ಕಳು ಕೂಗಲು ಶುರು ಮಾಡುತ್ತಾರೆ. ಜನರಿಗೆ ನಿಯಮ ತಿಳಿದಷ್ಟೂ ಕೂಗು ಸರಿಯಾದ ಹೊತ್ತಿಗೆ ಬರುತ್ತದೆ. ಕಾಲೇಜು ಪಂದ್ಯಗಳಲ್ಲಿ ಅಂಕಫಲಕವೇ ಇರುವುದಿಲ್ಲ ಅಥವಾ ಅತಿಥಿಗಳ ಕಡೆಗೆ ಮುಖ ಮಾಡಿರುತ್ತದೆ. ಎಷ್ಟು ಅಂಕ ಎಂದೇ ತಿಳಿಯದವನು ಏನೆಂದು ಕೂಗಬೇಕು?

ನಮ್ಮ ಗಡಿಯ ಕಣಕ್ಕೆ ಇನ್ನೊಂದು ವಿಶೇಷ ಇದೆ. ನಾರಾಯಣಪೇಟೆ, ಕೃಷ್ಣಾ, ಮಕ್ತಲ್ ಕಡೆಯ ಪಂದ್ಯಗಳಿಗೆ ಆಚೆಯ ಗುರುಮಠಕಲ್, ಯಾದಗಿರಿ, ರಾಯಚೂರಿನ ತಂಡಗಳೂ ಬರುತ್ತವೆ. ಗದ್ವಾಲದ ತಂಡ ಬಂದರೆ ಅದರ ಹಿಂದೆ ಒಂದು ಟ್ರ್ಯಾಕ್ಟರ್ ಜನ. ಒಂದು ಬದಿಯಿಂದ "ಹಿಡಿ ಹಿಡಿ", ಇನ್ನೊಂದು ಬದಿಯಿಂದ "ಪಟ್ಟು ಪಟ್ಟು". ಒಂದು ಕಡೆ "ಬಾ ಬಾ", ಇನ್ನೊಂದು ಕಡೆ "ರಾ ರಾ". ಎರಡೂ ಭಾಷೆಯ ಕೂಗು ಚಿಕ್ಕದು, ಒಂದೇ ತಾಳದ್ದು. ಹೀಗಾಗಿ ಒಬ್ಬರಿಗೊಬ್ಬರು ಮೇಲುಗೈ ಸಾಧಿಸಲು ಹೋಗಿ ಎರಡೂ ಕಡೆ ಏರುತ್ತದೆ. ಎದುರಾಳಿ ಅಭಿಮಾನಿಗಳೇ ಇಲ್ಲದ ಪಂದ್ಯದಲ್ಲಿ ಈ ಜಿದ್ದು ಬರುವುದಿಲ್ಲ. ಮೈಕಿನಲ್ಲಿ ಎರಡೂ ಭಾಷೆಯಲ್ಲಿ ವಿವರಣೆ ಕೊಡುವವನು ಸಿಕ್ಕರೆ ಯಾರೂ ಹೊರಗಿನವರಾಗುವುದಿಲ್ಲ.

ಹೆಣ್ಣುಮಕ್ಕಳ ಮಾತನ್ನೂ ಇಲ್ಲೇ ಹೇಳಬೇಕು. ಬಹಳ ಊರುಗಳಲ್ಲಿ ಅವರು ಮಾಳಿಗೆಯ ಮೇಲಿಂದ ಇಣುಕಿ ನೋಡುತ್ತಾರೆ. ಬೇರೆ ಜಾಗ, ಬೆಳಕು, ಕೂರಲು ತಾಡಪತ್ರಿ ಇದ್ದರೆ ಅವರೂ ಅಂಕಣದ ಬಳಿ ಬರುತ್ತಾರೆ. ಮನುಷ್ಯನ ಕಿವಿ ತೆಳುವಾದ, ಏರಿದ ದನಿಗಳನ್ನು ದಪ್ಪ ದನಿಗಿಂತ ಚುರುಕಾಗಿ ಗುರುತಿಸುತ್ತದೆ. ಸೀಟಿಯ ಸದ್ದು ಎಲ್ಲ ಗದ್ದಲ ಸೀಳಿಕೊಂಡು ಬರುವುದು ಅದಕ್ಕೇ. ಹೆಂಗಸರು, ಮಕ್ಕಳು ಕೂಗುವ ಕಣ ಕಳೆಗಟ್ಟುವುದಕ್ಕೆ ಇದೂ ಒಂದು ಕಾರಣ.

ಹಲಗೆ ಬೇರೆ, ಡಿಜೆ ಬೇರೆ

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ದೊಡ್ಡ ಕ್ರೀಡಾಂಗಣದಲ್ಲಿ ಒಂದು ತುದಿಯ ಚಪ್ಪಾಳೆ 170 ಮೀಟರ್ ಆಚೆಯ ತುದಿಗೆ ಅರ್ಧ ಸೆಕೆಂಡ್ ತಡವಾಗಿ ತಲುಪುತ್ತದೆ. ಅಲ್ಲಿಯವರು ಅದನ್ನು ಕೇಳಿ ಚಪ್ಪಾಳೆ ಹಾಕಿದರೆ ತಾಳ ತಪ್ಪುತ್ತದೆ, ಎಲ್ಲ ಕಲಸುಮೇಲೋಗರ. ಕಬಡ್ಡಿಯ ಚಿಕ್ಕ ಕಣದಲ್ಲಿ ಈ ತೊಂದರೆ ಇಲ್ಲ. ಒಂದು ಹಲಗೆ ಸಾಕು, ಐನೂರು ಜನ ಒಂದೇ ತಾಳಕ್ಕೆ ಬರುತ್ತಾರೆ. ತಾಳ ಕೂಡಿದ ಸದ್ದು ಚದುರಿದ ಸದ್ದಿಗಿಂತ ಎಷ್ಟೋ ಹೆಚ್ಚು ಮೈ ಮುಟ್ಟುತ್ತದೆ. ನಾವು ಹಲಗೆ ಎಂದರೂ ಡಪ್ಪು ಎಂದರೂ ಅದು ಮಾಡುವ ಕೆಲಸ ಒಂದೇ. ಜನರ ಬಾಯಿ ತೆರೆಸುತ್ತದೆ, ಬೇಕಾದಾಗ ನಿಲ್ಲುತ್ತದೆ.

ಡಿಜೆ ಬಾಕ್ಸ್ ಹಾಗಲ್ಲ. ಅದು ಜನರ ಬಾಯಿ ಮುಚ್ಚಿಸುತ್ತದೆ. ತನ್ನ ಕೂಗು ತನಗೇ ಕೇಳದಿದ್ದಾಗ ಮನುಷ್ಯ ಕೂಗುವುದನ್ನೇ ಬಿಡುತ್ತಾನೆ. ಬಾಕ್ಸ್ ನಿಂತ ಕೂಡಲೇ ಕಣ ಸತ್ತಂತೆ ಆಗುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಗದ್ದಲ ಇತ್ತು, ಆದರೆ ಅದು ಜನರದ್ದಾಗಿರಲಿಲ್ಲ.

ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಉಳಿದ ಹೊತ್ತಿನಲ್ಲೂ ಮೈಕಿಗೆ ಅನುಮತಿ ಬೇಕು.

ಕೂಗು ಆಟವನ್ನೇ ಬದಲಿಸುತ್ತದೆ

ಜನರ ಕೂಗು ಆಟಗಾರನಿಗೆ ಹುರುಪು ಕೊಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಅಂಪೈರ್ ಮೇಲೂ ಕೆಲಸ ಮಾಡುತ್ತದೆ ಎಂಬುದು ಗೊತ್ತಿರುವವರು ಕಡಿಮೆ. 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು 40 ಫುಟ್‌ಬಾಲ್ ರೆಫರಿಗಳಿಗೆ ಒಂದು ಪಂದ್ಯದ ವಿಡಿಯೊ ತೋರಿಸಿದರು. ಕೆಲವರಿಗೆ ಜನರ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಸುಮಾರು ಶೇ 15ರಷ್ಟು ಕಡಿಮೆ ಇದ್ದವು. 2020ರಲ್ಲಿ ಕೊರೊನಾದಿಂದ ಯುರೋಪಿನ ಮೈದಾನಗಳು ಖಾಲಿಯಾದಾಗ ತವರು ತಂಡಗಳಿಗೆ ಮೊದಲಿದ್ದ ಅನುಕೂಲ ಕುಗ್ಗಿದ್ದು ಕಂಡುಬಂತು. ನಮ್ಮ ಪ್ರೊ ಕಬಡ್ಡಿಯ ಎಂಟನೇ ಆವೃತ್ತಿಯೂ 2021ರ ಡಿಸೆಂಬರಿನಿಂದ 2022ರ ಫೆಬ್ರುವರಿವರೆಗೆ ಬೆಂಗಳೂರಿನಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಟಿವಿಯಲ್ಲಿ ನೋಡಿದವರಿಗೆ ಉಪ್ಪಿಲ್ಲದ ಊಟದ ಹಾಗಿತ್ತು.

ಕಬಡ್ಡಿಯಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ರೈಡರ್ "ಕಬಡ್ಡಿ ಕಬಡ್ಡಿ" ಎಂದು ಉಸಿರು ಬಿಡದೆ, ಅಂಪೈರ್‌ಗೆ ಕೇಳುವಂತೆ ಹೇಳಬೇಕು. ತೆಲುಗಿನ ಹಿರಿಯರು ಈ ಆಟವನ್ನು ಚೆಡುಗುಡು ಎಂದು ಕರೆಯುವುದೂ ಉಸಿರು ಹಿಡಿದು ಹೇಳುವ ಮಾತಿನಿಂದಲೇ. ಬಾಕ್ಸ್ ಸದ್ದಿನಲ್ಲಿ ಆ ಉಸಿರು ಅಂಪೈರ್‌ಗೆ ಕೇಳದಿದ್ದರೆ ತೀರ್ಪು ಊಹೆಯ ಮೇಲೆ ಹೋಗುತ್ತದೆ. ಸೀಟಿ ಕೇಳದೆ ಔಟಾದ ಮೇಲೂ ಎಳೆದಾಡಿ ಮೊಣಕಾಲು ಮುರಿದುಕೊಂಡವರಿದ್ದಾರೆ. ಜಗಳಗಳು ಹುಟ್ಟುವುದೂ ಇಂಥ ಕಡೆಯೇ.

ಅಮೆರಿಕದ ಕಾಲೇಜು ಅಭಿಮಾನಿಗಳು ಇದರಲ್ಲಿ ಜಾಣರು. ತಮ್ಮ ತಂಡ ಚೆಂಡು ಹಿಡಿದು ಮುಂದಿನ ಹೆಜ್ಜೆ ಮಾತಾಡಿಕೊಳ್ಳುವಾಗ ಸುಮ್ಮನಿರುತ್ತಾರೆ. ಎದುರಾಳಿ ಮಾತಾಡುವಾಗ ಕಿರುಚುತ್ತಾರೆ. ನಮ್ಮ ಹಳೆಯ ಪ್ರೇಕ್ಷಕರಿಗೂ ಈ ಜಾಣತನ ಇತ್ತು. ರೈಡರ್ ಗೆರೆ ದಾಟುವಾಗ ಎಲ್ಲರೂ ಉಸಿರು ಹಿಡಿಯುತ್ತಿದ್ದರು, ಅವನು ವಾಪಸ್ ಗೆರೆ ಮುಟ್ಟಿದ ಕ್ಷಣ ಕಣ ಸಿಡಿಯುತ್ತಿತ್ತು. ಆ ಮೌನ ಇಲ್ಲದಿದ್ದರೆ ಆಮೇಲಿನ ಕೂಗಿಗೆ ಬೆಲೆ ಇರುವುದಿಲ್ಲ.

ನೆಲ ನಡುಗಿದ ದಿನ, ಗ್ಯಾಲರಿ ಬಿದ್ದ ದಿನ

1988ರ ಅಕ್ಟೋಬರ್ 8ರಂದು ಅಮೆರಿಕದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಕೊನೆಯ ನಿಮಿಷಗಳಲ್ಲಿ ಆಬರ್ನ್ ತಂಡವನ್ನು 7–6ರಿಂದ ಸೋಲಿಸಿತು. ಜನ ಒಟ್ಟಿಗೆ ಕುಣಿದದ್ದಕ್ಕೆ ಅದೇ ವಿಶ್ವವಿದ್ಯಾಲಯದ ಭೂಕಂಪ ಮಾಪಕದಲ್ಲಿ ಗೆರೆ ಮೂಡಿತು. ಅದನ್ನು ಇಂದಿಗೂ 'ಭೂಕಂಪದ ಪಂದ್ಯ' ಎನ್ನುತ್ತಾರೆ. ಕೇಳಲು ತಮಾಷೆ. ಆದರೆ ಜನ ಒಂದೇ ತಾಳಕ್ಕೆ ಕುಣಿದರೆ ಕಾಲಡಿಯ ಕಟ್ಟಡದ ಮೇಲೆ ಎಂಥ ಹೊರೆ ಬೀಳುತ್ತದೆ ಎಂಬುದಕ್ಕೂ ಅದೇ ಸಾಕ್ಷಿ. ಸುಮ್ಮನೆ ಕೂತ ನೂರು ಜನರ ಭಾರ ಬೇರೆ, ಒಟ್ಟಿಗೆ ಹಾರುವ ನೂರು ಜನರ ಭಾರ ಬೇರೆ.

ಭಾರ ತಾಳದ ಗ್ಯಾಲರಿ ಏನು ಮಾಡುತ್ತದೆಂದು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. 2021ರ ಮಾರ್ಚ್ 22ರಂದು ನಮ್ಮದೇ ತೆಲಂಗಾಣದ ಸೂರ್ಯಾಪೇಟೆಯಲ್ಲಿ 47ನೇ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಚಾಂಪಿಯನ್‌ಷಿಪ್‌ಗೆ ಕಟ್ಟಿದ್ದ ತಾತ್ಕಾಲಿಕ ಗ್ಯಾಲರಿ ಜನರ ಸಮೇತ ಕುಸಿಯಿತು. ನೂರರ ಆಸುಪಾಸು ಜನ ಗಾಯಗೊಂಡರು. ಕಬಡ್ಡಿ ನೋಡಲು ಬಂದವರು ಆಸ್ಪತ್ರೆ ಸೇರಿದರು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದ 11 ಜನ ನೂಕುನುಗ್ಗಲಿನಲ್ಲಿ ಸತ್ತರು. ಅಲ್ಲಿ ಆಟವೇ ಇರಲಿಲ್ಲ, ಇದ್ದದ್ದು ಸಂಭ್ರಮ ಮತ್ತು ಗೇಟಿನ ಬಳಿಯ ಇಕ್ಕಟ್ಟು. ದೊಡ್ಡ ಗದ್ದಲದಲ್ಲಿ ಮುಂದಿನವರ ಕಿರುಚಾಟ ಹಿಂದಿನವರಿಗೆ ಕೇಳುವುದಿಲ್ಲ. ಕೇಳಿದರೂ ಅದು ಖುಷಿಯ ಕೂಗೋ ನೋವಿನ ಕೂಗೋ ತಿಳಿಯುವುದಿಲ್ಲ.

ಕಿವಿಯ ಮಾತೂ ಇದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಜನರ ಕೂಗು ಏರುತ್ತದೆ, ಇಳಿಯುತ್ತದೆ, ನಡುವೆ ಕಿವಿಗೆ ಬಿಡುವು ಸಿಗುತ್ತದೆ. ಬಾಕ್ಸ್ ಬಿಡುವು ಕೊಡುವುದಿಲ್ಲ. ಅದರ ಮುಂದೆಯೇ ಸಾಮಾನ್ಯವಾಗಿ ಕೂರುವವರು ಚಿಕ್ಕ ಮಕ್ಕಳು.

ಏನು ಮಾಡಬಹುದು?

ನಮ್ಮ ಊರಿನ ಯುವಕ ಸಂಘಗಳಿಗೆ, ಕಾಲೇಜಿನ ಪಿ.ಇ.ಟಿ. ಮಾಸ್ತರರಿಗೆ ಖರ್ಚಿಲ್ಲದ ಕೆಲವು ಮಾತು.

ಅಂಕಣವನ್ನು ಮೈದಾನದ ನಡುವೆ ಹಾಕಬೇಡಿ. ಕಾಲೇಜು ಕಟ್ಟಡದ ಗೋಡೆಯ ಎದುರಿಗೆ, ಕಟ್ಟೆ ಇರುವ ಕಡೆ ಹಾಕಿ. ಗೋಡೆ ಸದ್ದನ್ನು ತಡೆದು ಕೊಡುತ್ತದೆ. ಆದರೆ ಆಟಗಾರ ಜಾರಿ ಗೋಡೆಗೆ ಬಡಿಯದಷ್ಟು ಅಂತರ ಇರಲಿ.

ನಾಲ್ಕೂ ಬದಿಗೆ ಜನ ಬರಲಿ. ಮುಂದಿನ ಎರಡು ಸಾಲು ನೆಲದ ಮೇಲೆ, ಅದರ ಹಿಂದೆ ಬೆಂಚು, ಕೊನೆಗೆ ನಿಂತವರು. ಹೀಗೆ ಮಾಡಿದರೆ ಐನೂರು ಜನರಿಗೆ ಗ್ಯಾಲರಿಯೇ ಬೇಡ. ಅತಿಥಿಗಳ ಶಾಮಿಯಾನ ಒಂದು ಮೂಲೆಯಲ್ಲಿರಲಿ.

ಗ್ಯಾಲರಿ ಕಟ್ಟಲೇಬೇಕಾದರೆ ಟೆಂಟ್ ಹೌಸಿನವರ ಬಾಯಿಮಾತು ನಂಬಿ ಕೂರಬೇಡಿ. ಇಂಜಿನಿಯರ್ ಒಬ್ಬರಿಂದ ನೋಡಿಸಿ. ಎಷ್ಟು ಜನ ಎಂದು ಬರೆದು ಹಾಕಿ, ಅಷ್ಟಕ್ಕೇ ನಿಲ್ಲಿಸಿ. ಅದರ ಮೇಲೆ ಕುಣಿಯಲು ಬಿಡಬೇಡಿ, ಕೆಳಗೆ ಮಕ್ಕಳನ್ನು ಕೂರಿಸಬೇಡಿ. ಒಳಗೆ ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಇರಲಿ.

ಎರಡೂ ತಂಡದ ಬೆಂಬಲಿಗರಿಗೆ ಎದುರು ಬದುರು ಜಾಗ ಕೊಡಿ. ಒಂದೊಂದು ಹಲಗೆ ಇರಲಿ. ಅಂಕಫಲಕ ಜನರ ಕಡೆಗಿರಲಿ, ವಿವರಣೆ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ರೈಡ್ ನಡೆಯುವಾಗ ಮೈಕ್ ಮುಚ್ಚಿರಲಿ, ಅಂಪೈರ್‌ಗೆ ರೈಡರ್‌ನ ಉಸಿರು ಕೇಳಲಿ.

ಕಾಲೇಜಿನವರು ಫೈನಲನ್ನು ಕಡೆಯ ಬಸ್ಸಿಗೆ ಒಂದೂವರೆ ಗಂಟೆ ಮೊದಲೇ ಶುರು ಮಾಡಿದರೆ ಸಾಕು, ಅರ್ಧ ಮೈದಾನ ಉಳಿಯುತ್ತದೆ. ಹುಡುಗಿಯರ ಪಂದ್ಯವನ್ನು ಬೆಳಿಗ್ಗೆ ಖಾಲಿ ಮೈದಾನದಲ್ಲಿ ಮುಗಿಸಿಬಿಡುವ ರೂಢಿ ಬಿಟ್ಟು, ಹುಡುಗರ ಫೈನಲಿನ ಮುಂಚೆ ಇಟ್ಟರೆ ಅವರಿಗೂ ನಾಲ್ಕು ಜನರ ಚಪ್ಪಾಳೆ ಸಿಗುತ್ತದೆ. ಗ್ರಾಮ ಮಟ್ಟದಿಂದ ಆಡಿಸುವ ಸಿಎಂ ಕಪ್ ಪಂದ್ಯಗಳಿಗೂ, ಆಚೆ ಕಡೆಯ ದಸರಾ ಕ್ರೀಡಾಕೂಟಗಳಿಗೂ ಇದೇ ಮಾತು ಸಲ್ಲುತ್ತದೆ.

ಚಹಾ ಅಂಗಡಿಯ ಹಿರಿಯರಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ, ಅವರ ಬಸ್ ಬಂತು. ಹತ್ತುವ ಮೊದಲು ಒಂದು ಮಾತು ಕೇಳಿದರು: "ಡಿಜೆ ಇತ್ತೇನು?" ಇರಲಿಲ್ಲ ಎಂದೆ. "ಅದಕ್ಕೇ ಮತ್ತ, ಮಂದಿ ದನಿ ಕೇಳಿಸ್ತು" ಎಂದರು. ಮುಂದಿನ ಜಾತ್ರೆಗೆ ಚಂದಾ ಎತ್ತುವ ಮುಂಚೆ ನಮ್ಮ ಹುಡುಗರು ಬಾಕ್ಸಿನ ದುಡ್ಡನ್ನು ಒಳ್ಳೆಯ ಮ್ಯಾಟಿಗೋ, ಗಟ್ಟಿ ಬೆಂಚಿಗೋ ಹಾಕಿದರೆ ಆಟವೂ ಉಳಿಯುತ್ತದೆ, ಕೂಗೂ ಉಳಿಯುತ್ತದೆ, ನೋಡಲು ಬಂದವರು ಕೈಕಾಲು ನೆಟ್ಟಗೆ ಇಟ್ಟುಕೊಂಡು ಮನೆ ಸೇರುತ್ತಾರೆ.